ಇರುಳುಶಾಲೆ ಮತ್ತು ನೆರೆಹೊರೆ

ಮುಂಬಯಿ ಕನ್ನಡಿಗರ ಚರಿತ್ರೆ ಬರೆಯುವವರು ೧೯೦೨ರ ಮೊಗವೀರ ವ್ಯವಸ್ಥಾಪಕ ಮಂಡಳಿ, ೧೯೨೬ರ ಮೈಸೂರು ಅಸೋಸಿಯೇಶನ್, ೧೯೩೩ರ ಕರ್ನಾಟಕ ಸಂಘ ಎಂದು ಇಸವಿಗಳನ್ನು ಜೋಡಿಸಿ ನೇರವಾಗಿ ನಾಟಕ, ಕವಿಗೋಷ್ಠಿಗಳಿಗೆ ಬಂದುಬಿಡುತ್ತಾರೆ. ನಡುವೆ ಬಿಟ್ಟುಹೋಗುವುದು ಇರುಳುಶಾಲೆ. ಹಗಲಿಡೀ ಹೋಟೆಲುಗಳಲ್ಲಿ ಕಪ್ಪುಬಸಿ ತೊಳೆದ ದಕ್ಷಿಣ ಕನ್ನಡದ ಹುಡುಗರು ಇರುಳು ಅಲ್ಲಿ ಕುಳಿತು ಮೆಟ್ರಿಕ್ ಮುಗಿಸಿದರು. ಗುಮಾಸ್ತರಾದರು, ವಕೀಲರಾದರು, ಕೆಲವರು ಹೋಟೆಲಿನ ಒಡೆಯರೇ ಆದರು. ಕೆಲಸದ ಸುಳಿವು ಸಿಗುತ್ತಿದ್ದುದೂ, ಜ್ವರ ಬಂದರೆ ವಿಚಾರಿಸುವವರಿದ್ದುದೂ ಅಲ್ಲಿಯೇ. ಚಿತ್ತಾಲರ ‘ಶಿಕಾರಿ’ಯಲ್ಲಿನ (೧೯೭೯) ಮಹಾನಗರದ ಪರಕೀಯತೆಯನ್ನು ಸವಿಸ್ತಾರವಾಗಿ ಚರ್ಚಿಸಿದ ನಮ್ಮ ವಿಮರ್ಶೆ, ಅಂಥ ಪರಕೀಯತೆಗೆ ತಡೆಯೊಡ್ಡಿದ ಸಂಸ್ಥೆಗಳತ್ತ ಅಷ್ಟಾಗಿ ನೋಡಲಿಲ್ಲ.

ಇಂದು ಆ ಹುಡುಗರು ವಿರಳ. ಡೊಂಬಿವಲಿ, ಬೊರಿವಲಿ, ಮೀರಾರೋಡುಗಳಲ್ಲಿ ಒಂಟಿಯಾಗಿರುವ ವೃದ್ಧರದೇ ಈಗಿನ ಪ್ರಶ್ನೆ. ಸಂಘಗಳ ಉತ್ತರ ಬಹುಮಟ್ಟಿಗೆ ಶಾಲು, ಹಾರ, ಸ್ಮರಣಸಂಚಿಕೆ. (ಇದೂ ಅಂಥದೇ ಸಂಪುಟವೆಂಬುದು ಗೊತ್ತಿದೆ.) ೧೯೯೭ರಿಂದ ಮಹಾನಗರಪಾಲಿಕೆಯ ಆಸರೆಯಲ್ಲಿ ಹುಟ್ಟಿದ ಎ.ಎಲ್.ಎಂ. ಎಂಬ ಬಡಾವಣೆ ಕೂಟಗಳಲ್ಲಿ ಒಂದೇ ಬೀದಿಯ ಬೇರೆಬೇರೆ ಭಾಷೆಯವರು ಕೂಡಿ ಹಸಿಕಸ, ಒಣಕಸ ಬೇರ್ಪಡಿಸಿದರು, ಗೊಬ್ಬರ ಮಾಡಿದರು. ಕಸದ ನೆಪದಲ್ಲಿ ಪಕ್ಕದ ಮನೆಯವರ ಹೆಸರು ತಿಳಿಯಿತು. ಇವು ಮಧ್ಯಮವರ್ಗದ ಕೂಟಗಳೆಂಬ ಆಕ್ಷೇಪದಲ್ಲಿ ಹುರುಳಿದೆ. ಆದರೂ ಕನ್ನಡ ಸಂಘವೊಂದು ತನ್ನ ಸಭಾಗೃಹವನ್ನು ವಾರಕ್ಕೆರಡು ಸಂಜೆ ಬೀದಿಯ ಎಲ್ಲ ವೃದ್ಧರಿಗೆ ತೆರೆದಿಟ್ಟರೆ ಕನ್ನಡ ಕರಗಿಹೋದೀತೆಂಬ ಭಯ ನನಗಿಲ್ಲ.

ನಮ್ಮ ಸಂಶೋಧನ ವಿದ್ಯಾರ್ಥಿಗಳಾದರೂ ಇರುಳುಶಾಲೆಗಳ ಹಾಜರಿ ಪುಸ್ತಕಗಳು ಎಲ್ಲೆಲ್ಲಿ ಉಳಿದಿವೆಯೋ ಅವನ್ನು ಗೆದ್ದಲಿಗಿಂತ ಮೊದಲು ತೆರೆಯಬೇಕು: ಯಾವ ಹುಡುಗ, ಯಾವ ಊರು, ಯಾವ ಹೋಟೆಲು, ಎಷ್ಟನೆಯ ಇಯತ್ತೆಯಲ್ಲಿ ಬಿಟ್ಟುಹೋದ.