ಕಿಟಕಿ ಅದುರಿದರೆ ಭೂಕಂಪವೇ?

2020ರ ಮೇ 20, ಮಧ್ಯಾಹ್ನ. ನಮ್ಮ ಇಂದಿರಾನಗರ, ಕೆ.ಆರ್. ಪುರದ ಕಡೆಯೆಲ್ಲ ‘ಢಂ’ ಅಂತ ಸದ್ದು, ಕಿಟಕಿಗಳು ಗಡಗಡ. ಭೂಕಂಪ ಅಂತ ಗಾಬರಿಯೋ ಗಾಬರಿ! ಆದರೆ ರಾಜ್ಯದ ಭೂಕಂಪಮಾಪಕಗಳಲ್ಲಿ ಕಂಪನವೇ ದಾಖಲಾಗಿರಲಿಲ್ಲ. ವಾಯುಪಡೆಯ ವಿಮಾನ ಶಬ್ದಕ್ಕಿಂತ ವೇಗವಾಗಿ ಹಾರಿದಾಗ ಎದ್ದ ಸದ್ದದು ಅಂತ ಆಮೇಲೆ ತಿಳೀತು.

ಆ ಅಲೆ ಬಂದದ್ದು ಗಾಳಿಯಲ್ಲಿ; ಭೂಕಂಪದ ಅಲೆ ಬರೋದು ನೆಲದೊಳಗಿಂದ. ಮೊದಲು ಪಿ-ಅಲೆ, ಸಣ್ಣ ಅದುರು. ಹಿಂದೆಯೇ ಎಸ್-ಅಲೆ, ಜೋರು ಅಲುಗಾಟ.

ನಮ್ಮದು ಗಟ್ಟಿ ಬಂಡೆಯ ನೆಲ, ನಿಜ. ಹಾಗಂತ ಮೈಮರೆಯೋದು ಬೇಡ. ದಖ್ಖನ್ನಿನ ಕಿಲ್ಲಾರಿ 1993ರಲ್ಲಿ ನೆಲಸಮವಾಯಿತು. ಮನೆಯ ಮಕ್ಕಳಿಗೆ ನಾನು ಹೇಳಿಕೊಟ್ಟಿರೋದು ಇಷ್ಟೇ: ನೆಲ ಅದುರಿದರೆ ಬಾಲ್ಕನಿಗೆ ಓಡಬೇಡಿ, ಲಿಫ್ಟ್ ಹತ್ತಬೇಡಿ. ಗಟ್ಟಿ ಮೇಜಿನಡಿ ಕೂತು ಅದರ ಕಾಲು ಹಿಡ್ಕೊಳ್ಳಿ. ಅಲುಗಾಟ ನಿಂತ ಮೇಲೆ ಮೆಟ್ಟಿಲಿಳಿದು ಬನ್ನಿ.