ಸರ್ವರ್ ಎಲ್ಲೂ ಹೋಗಿಲ್ಲ

‘ಎಕ್ಸ್ ವಿಂಡೋದಲ್ಲಿ ಸರ್ವರ್, ಕ್ಲೈಂಟ್ ಹೆಸರುಗಳೇ ಅದಲುಬದಲು, ವೇಲ್ಯಾಂಡ್ ಬಂದು ಆ ಗೋಜಲನ್ನೇ ಅಳಿಸಿತು’ ಎಂಬ ಲೇಖನವೊಂದರ ವಾದ ಎರಡು ಕಡೆ ಎಡವಿದೆ. ಎರಡೂ ಲಿನಕ್ಸ್‌ನಂಥ ಗಣಕಗಳಲ್ಲಿ ಪ್ರೋಗ್ರಾಂಗಳ ಕಿಟಕಿಗಳನ್ನು ಪರದೆಗೆ ತರುವ ವ್ಯವಸ್ಥೆಗಳು; ಎಕ್ಸ್ ಹಳೆಯದು, ವೇಲ್ಯಾಂಡ್ ಹೊಸದು.

ಸರ್ವರ್ ಎಂದರೆ ದೂರದ ದೊಡ್ಡ ಯಂತ್ರವಲ್ಲ, ಸೇವೆ ಕೊಡುವ ಪ್ರೋಗ್ರಾಂ; ಸೇವೆ ಕೇಳುವುದು ಕ್ಲೈಂಟ್. ಪರದೆ, ಕೀಲಿಮಣೆ, ಮೌಸ್ ಯಾವುದರ ಸುಪರ್ದಿಯಲ್ಲಿವೆಯೋ ಅದೇ ಸರ್ವರ್. 1984ರಲ್ಲಿ ಎಂಐಟಿಯಲ್ಲಿ ಎಕ್ಸ್ ಹುಟ್ಟಿದ್ದೇ ಈ ಲೆಕ್ಕದಲ್ಲಿ. ಎಕ್ಸ್ ಫಾರ್ವರ್ಡಿಂಗ್ ಇಟ್ಟು ಎಸ್‌ಎಸ್‌ಎಚ್ ಮೂಲಕ ದೂರದ ಗಣಕದಲ್ಲಿ ‘ಎಕ್ಸ್‌ಕ್ಲಾಕ್’ ಎಂಬ ಗಡಿಯಾರ ಓಡಿಸಿ ನೋಡಿ. ಪ್ರೋಗ್ರಾಂ ಓಡುವುದು ಅಲ್ಲಿ, ಮುಳ್ಳು ತಿರುಗುವುದು ನಿಮ್ಮ ಕಣ್ಣೆದುರು. ಗಡಿಯಾರ ಕೇಳುತ್ತದೆ, ನಿಮ್ಮ ಸರ್ವರ್ ಬಿಡಿಸಿಕೊಡುತ್ತದೆ.

ವೇಲ್ಯಾಂಡ್‌ನಲ್ಲಿ ಪ್ರೋಗ್ರಾಂ ತನ್ನ ಚಿತ್ರವನ್ನು ತಾನೇ ಬಿಡಿಸಿ ತರುತ್ತದೆ, ನಿಜ. ಆದರೆ ಆ ಚಿತ್ರಗಳನ್ನೆಲ್ಲ ಜೋಡಿಸಿ ಪರದೆಗೆ ಹಾಕುವ, ಮೌಸಿನ ಕ್ಲಿಕ್ಕನ್ನು ಸರಿಯಾದ ಕಿಟಕಿಗೆ ಮುಟ್ಟಿಸುವ ಕಂಪೋಸಿಟರ್ ಮತ್ತೇನು? ಅದೂ ಸರ್ವರ್ ತಾನೆ! ಕೆಲಸದ ಹಂಚಿಕೆ ಬದಲಾಗಿದೆ. ಸಂಬಂಧ ಹಾಗೇ ಇದೆ.