ಏರುದಾರಿಯ ಪಾಠ

ಸಾಗರದಿಂದ ಹೊಸನಗರದ ಮಾರ್ಗವಾಗಿ ತೀರ್ಥಹಳ್ಳಿಗೆ ಬೈಸಿಕಲ್ಲಿನಲ್ಲಿ ಹೋಗುವ ವಿದ್ಯಾರ್ಥಿಯು ದೊಡ್ಡದೊಂದು ಗಡಿಯನ್ನು ದಾಟುತ್ತಾನೆ. ಹೊಸನಗರದ ಬಳಿಯ ಶರಾವತಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ತೀರ್ಥಹಳ್ಳಿಯ ತುಂಗೆಯ ನೀರು ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಗೆ ಸಾಗುತ್ತದೆ. ಇವೆರಡರ ನಡುವಣ ಜಲವಿಭಾಜಕವು ಬಸ್ಸಿನಲ್ಲಿ ತೂಕಡಿಸುವವನಿಗೆ ಕಾಣದು. ಭೂಪಟ ಹಿಡಿದು ಏರು ತುಳಿಯುವವನಿಗೆ ಕಂಡೀತು.

ಸವಾರನೂ ವಾಹನವೂ ಸೇರಿ 80 ಕಿಲೋಗ್ರಾಂ ತೂಗಿದರೆ, 100 ಮೀಟರ್ ಎತ್ತರವೇರಲು ಕನಿಷ್ಠಪಕ್ಷ 78,400 ಜೂಲ್ ಶಕ್ತಿ ಬೇಕು. ಗೇರು ಇದರಲ್ಲಿ ಒಂದು ಜೂಲನ್ನೂ ತಗ್ಗಿಸದು. ತುಳಿಯುವ ಬಲವನ್ನು ಕಡಿಮೆ ಮಾಡಿ ತುಳಿತಗಳ ಸಂಖ್ಯೆಯನ್ನು ಹೆಚ್ಚಿಸುತ್ತದೆ, ಅಷ್ಟೆ. ಇಳಿಯುವಾಗ ಅಷ್ಟು ಶಕ್ತಿಯೂ ಗಾಳಿಯಲ್ಲಿ, ಬ್ರೇಕಿನಲ್ಲಿ ಶಾಖವಾಗಿ ಕಳೆಯಬೇಕು. ಆದುದರಿಂದ ಆಗುಂಬೆಯ ಘಟ್ಟವನ್ನಿಳಿಯುವ ಮೊದಲು ಎರಡು ಬ್ರೇಕುಗಳನ್ನೂ ಪರೀಕ್ಷಿಸಲೇಬೇಕು.

1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಹಿಂದೆ ನಿಂತ ನೀರಿನಲ್ಲಿಯೂ ಇದೇ ಬಗೆಯ ಶಕ್ತಿ ಅಡಗಿದೆ. ಅದು ಕೆಳಗಿಳಿದು ವಿದ್ಯುತ್ತಾಗುತ್ತದೆ. ಆದರೆ ಆ ಎತ್ತರಕ್ಕೆ ಬೆಲೆ ತೆತ್ತವರು, ಹಿನ್ನೀರಿನಲ್ಲಿ ಮನೆ, ಗದ್ದೆ, ತೋಟಗಳನ್ನು ಕಳೆದುಕೊಂಡ ಹಳ್ಳಿಯ ಜನ.

ವರ್ಷಕ್ಕೊಮ್ಮೆಯಾದರೂ ಶಾಲೆಗಳು ಇಲ್ಲಿ ಬೈಸಿಕಲ್ ಪ್ರವಾಸ ಏರ್ಪಡಿಸಬೇಕೆಂಬುದು ನಮ್ಮ ಅಭಿಪ್ರಾಯ. ಎತ್ತರವು ಯಾರಿಗೂ ಪುಕ್ಕಟೆಯಾಗಿ ದೊರೆಯದೆಂಬುದನ್ನು ಕರಿಹಲಗೆಗಿಂತ ಏರುದಾರಿಯೇ ಚೆನ್ನಾಗಿ ಕಲಿಸಬಲ್ಲದು.